ಸುಮಾ, ಅಮ್ಮನ ಮೊಣಕಾಲ ಗಂಟಿನ ಅಡಿಯ ದಿಂಬು ಮೊದಲು ತೆಗೆ

ಸುಮಾ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಮೊಣಕಾಲ ಗಂಟು ಬದಲಿಸುವ ಆಪರೇಷನ್ ಆಗಿ ಎರಡನೇ ವಾರ, ವ್ಯಾಯಾಮ ಮಾಡಿಸುವಾಗ ಅಮ್ಮ ಅಳುತ್ತಾಳೆ, ನೋವು ಇಳಿದ ಮೇಲೆ ಶುರು ಮಾಡಿದರೆ ಆಗದಾ ಎಂದು ಕೇಳಿದ್ದೀಯ. ಆಗುವುದಿಲ್ಲ ಮಾರಾಯ್ತಿ. ಅಕ್ಕಾ, ಆಪರೇಷನ್ ಆದವಳು ನೀನು, ನೀನೂ ಕೇಳಿಸಿಕೊಳ್ಳು. ನಾನೂ ಈ ನೋವು ತಿಂದವಳೇ, ಸುಮ್ನೆ ಹೇಳುವುದಲ್ಲ.

ಒಳಗೆ ಗಾಯ ಮಾಯುವಾಗ ಗಟ್ಟಿ ಎಳೆಗಳು ಬೆಳೆಯುತ್ತವೆ. ಕಾಲನ್ನು ಅಲ್ಲಾಡಿಸದೆ ಇಟ್ಟರೆ ಗಂಟು ಹಾಗೆಯೇ ಬಿಗಿದುಕೊಳ್ಳುತ್ತದೆ. ಆಮೇಲೆ ಕೆಲವರಿಗೆ ಡಾಕ್ಟರು ಪುನಃ ಅನಸ್ತೇಸಿಯಾ ಕೊಟ್ಟು ಕಾಲು ಮಡಚಬೇಕಾಗುತ್ತದೆ. ಮೊದಲ ವಾರಗಳಲ್ಲಿ ಮಾಡಿದ್ದೇ ಜಾಸ್ತಿ ಉಪಯೋಗಕ್ಕೆ ಬರುವುದು.

ನೀನು ಹಾಕಿದ ಫೋಟೋದಲ್ಲಿ ಗಂಟಿನ ಅಡಿಗೆ ದಿಂಬು ಉಂಟಲ್ಲ, ಅದನ್ನು ಈಗಲೇ ತೆಗೆ. ಹಿತವಾಗುತ್ತದೆ, ನಿಜ. ಆದರೆ ಕಾಲು ಬಗ್ಗಿದಂತೆಯೇ ನಿಂತುಬಿಡುತ್ತದೆ, ಆಮೇಲೆ ಕುಂಟುತ್ತಾ ನಡೆಯಬೇಕು. ಎಲ್ಲರೂ ಎಷ್ಟು ಮಡಚಿತು ಎಂದೇ ಕೇಳುತ್ತಾರೆ, ನೇರ ಆಯಿತಾ ಎಂದು ಯಾರೂ ಕೇಳುವುದಿಲ್ಲ. ಬೈರಾಸು ಸುತ್ತಿ ಹಿಮ್ಮಡಿಯ ಅಡಿಗೆ ಇಡು. ಗಂಟಿನ ಹಿಂಭಾಗ ಹಾಸಿಗೆಯ ಕಡೆಗೆ ಇಳಿಯಬೇಕು. ಸ್ವಲ್ಪ ಹೊತ್ತು ಹಾಗೇ ಇರಲಿ, ದಿನಕ್ಕೆ ಕೆಲವು ಸಲ.

ಆಮೇಲೆ ತೊಡೆ ಬಿಗಿ ಹಿಡಿಯುವುದು. ಗಂಟನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡುವುದು, ಅಷ್ಟೇ. ನೋಡಲು ಏನೂ ಅಲ್ಲ, ಆದರೆ ಮೊದಮೊದಲು ನನ್ನ ತೊಡೆ ನನ್ನ ಮಾತೇ ಕೇಳುತ್ತಿರಲಿಲ್ಲ. ಬಾವು, ನೋವು ಇರುವಾಗ ಆ ಸ್ನಾಯು ಮಲಗಿಬಿಡುತ್ತದೆ. ಅಕ್ಕಾ, ಕಾಲು ಎತ್ತಲು ಬರುವುದಿಲ್ಲ ಎಂದು ಹೆದರಬೇಡ. ಒತ್ತುತ್ತಾ ಒತ್ತುತ್ತಾ ಅದು ಎದ್ದು ಬರುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುವುದನ್ನು ಮಾತ್ರ ಎಚ್ಚರ ಇರುವಾಗೆಲ್ಲ ಮಾಡು, ರಕ್ತ ಹೆಪ್ಪುಗಟ್ಟದಿರಲು ಅದು ಬೇಕು.

ಮಡಚಲು ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟರೆ ಹಾಸಿಗೆ ಮೇಲೆ ಸಲೀಸಾಗಿ ಜಾರುತ್ತದೆ. ಸಮ ನೆಲದಲ್ಲಿ ನಡೆಯಲು 65–70 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೆ 90ರ ಹತ್ತಿರ ಬೇಕು, ತಗ್ಗಿನ ಕುರ್ಚಿಯಿಂದ ಏಳಲು ಇನ್ನೂ ಜಾಸ್ತಿ. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡು. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, ಹದಿನೈದು ಇಪ್ಪತ್ತು ನಿಮಿಷ. ಎಳೆತದ ನೋವು ಇರುವುದೇ. ಮಾರನೇ ದಿನ ಬಾವು ಹೆಚ್ಚಾಗಿ ಕಾಲು ಊರಲು ಕಷ್ಟವಾದರೆ ಆ ದಿನ ಸ್ವಲ್ಪ ಕಡಿಮೆ ಮಾಡಿಸು, ಪೂರ್ತಿ ನಿಲ್ಲಿಸಬೇಡ.

ಅತ್ತೆ ಹೇಳಿದ ತೈಲ ಈಗ ಬೇಡ. ಅವರದು ಪ್ರೀತಿಯ ಮಾತೇ, ಆದರೆ ಗಾಯ ಪೂರ್ತಿ ಒಣಗುವ ಮೊದಲು ಎಣ್ಣೆ ತಾಗಬಾರದು. ಮೀನಖಂಡವನ್ನು ತಿಕ್ಕುವುದಂತೂ ಬೇಡವೇ ಬೇಡ. ಮೀನಖಂಡ ಒಮ್ಮೆಲೇ ಬಾತು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ಜ್ವರ ಬಂದರೆ, ಹೊಲಿಗೆಯಿಂದ ನೀರು ಒಸರಿದರೆ ಗ್ರೂಪಿನಲ್ಲಿ ಕೇಳುತ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಗಂಟು ಸ್ವಲ್ಪ ಬೆಚ್ಚಗಿರುವುದು, ಸಂಜೆ ಬಾತುಕೊಳ್ಳುವುದು ತಿಂಗಳುಗಟ್ಟಲೆ ಇರುತ್ತದೆ.

ಈ ಮಳೆಯಲ್ಲಿ ಅಂಗಳದ ಪಾಚಿಯ ಮೇಲೆ ವಾಕರ್ ಹಿಡಿದು ಇಳಿಯಬೇಡ ಅಕ್ಕಾ, ಚಾವಡಿಯಲ್ಲೇ ನಡೆ. ಜಗಲಿಯ ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹೆರೆಮಣೆಯಲ್ಲಿ ಕೂತು ಕಾಯಿ ತುರಿಯುವುದು ಇನ್ನು ಬೇಡ. ಮೇಜಿಗೆ ಸಿಕ್ಕಿಸಿ ತಿರುಗಿಸುವ ತುರಿಯುವ ಮಣೆ ಸಿಗುತ್ತದೆ, ಬರುವಾಗ ನಾನೇ ಮಂಗಳೂರಿನಿಂದ ತರುತ್ತೇನೆ.

ಸುಮಾ, ಈಗ ವ್ಯಾಯಾಮ ಮಾಡಿಸುವ ಫಿಸಿಯೋ ಅವಸರ ಮಾಡುತ್ತಾರೆ ಅನಿಸಿದರೆ ಬೇರೆಯವರನ್ನು ಕೇಳು. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜೇ ಉಂಟು, ಉಡುಪಿಯಲ್ಲಿ ಜನ ಸಿಗುವುದು ಕಷ್ಟವಲ್ಲ. ನಾಳೆ ಫಿಸಿಯೋ ಬಂದಾಗ ಕಾಲು ಎಷ್ಟು ನೇರವಾಗುತ್ತದೆ, ಎಷ್ಟು ಮಡಚುತ್ತದೆ ಎಂದು ಎರಡೂ ಅಳತೆ ಬರೆಸಿಕೊಂಡು ನನಗೆ ಕಳುಹಿಸು.