ಗ್ರಾಫಿಕ್ಸ್ ಕಾರ್ಡಿನ ಹಳೆಯ ಡ್ರೈವರನ್ನು ಪೂರ್ತಿಯಾಗಿ ತೆಗೆಯುವುದು ಹೇಗೆ? ಅನುಭವ ಹಂಚಿಕೆ

ಪ್ರಶ್ನೆ: ಡೆಸ್ಕ್‌ಟಾಪಿನಲ್ಲಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡ್ ತೆಗೆದು ಬೇರೊಂದು ಕಂಪನಿಯ ಕಾರ್ಡ್ ಹಾಕಿದ್ದೇನೆ. ವಿಂಡೋಸ್ 11 ಇದೆ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಅದರ ಸರ್ವಿಸ್‌ಗಳು ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುತ್ತಿವೆ, ವಿಡಿಯೊ ನೋಡುವಾಗ ಪರದೆ ಆಗಾಗ ಕಪ್ಪಾಗುತ್ತಿದೆ. ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಿ.

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದಾಗ ಹೋಗುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ತಂತ್ರಾಂಶ. ಡ್ರೈವರಿನ ಮೂಲ ಪ್ರತಿಯು ಸಿಸ್ಟಮ್32ರ ಒಳಗಿನ ಡ್ರೈವರ್‌ಸ್ಟೋರ್ ಎಂಬ ಫೋಲ್ಡರಿನಲ್ಲಿ ಉಳಿದುಬಿಡಬಹುದು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ನಮೂದುಗಳೂ ಉಳಿಯಬಹುದು. ಅದನ್ನೆಲ್ಲ ತೆಗೆಯಲು ನಾನು ವರ್ಷಗಳಿಂದ ಬಳಸುತ್ತಿರುವುದು ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಉಪಕರಣ. ಅದರ ಹೆಸರಿನಲ್ಲಿ ಕಂಡಕಂಡ ತಾಣಗಳು ಫೈಲುಗಳನ್ನು ಹಂಚುವುದರಿಂದ ಅದನ್ನು ತಯಾರಿಸುವ ವ್ಯಾಗ್ನಾರ್ಡ್‌ಸಾಫ್ಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಉಪಕರಣಕ್ಕಿಂತ ಕೆಲಸದ ಅನುಕ್ರಮ ಮುಖ್ಯ ಎಂಬುದು ನನ್ನ ಅನುಭವ. ಹೊಸ ಕಾರ್ಡಿನ ಡ್ರೈವರನ್ನು ತಯಾರಕರ ತಾಣದಿಂದ ಮೊದಲೇ ಇಳಿಸಿಟ್ಟುಕೊಂಡು, ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿ, ಆಮೇಲೆ ಇಂಟರ್ನೆಟ್ ಕೇಬಲ್ ಕಳಚಿ ವೈಫೈ ಆರಿಸಿ. ಏಕೆಂದರೆ ಡ್ರೈವರ್ ಇಲ್ಲದ ಕಾರ್ಡನ್ನು ಕಂಡ ಕೂಡಲೇ ವಿಂಡೋಸ್ ಅಪ್‌ಡೇಟ್ ತನಗೆ ಸಿಕ್ಕಿದ ಯಾವುದೋ ಆವೃತ್ತಿಯನ್ನು ತಂದು ಕೂರಿಸಿಬಿಡುತ್ತದೆ. ಬಳಿಕ ಶಿಫ್ಟ್ ಕೀಲಿಯನ್ನು ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್‌ನ ಒಳಗಿನ ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ 4ನ್ನು ಒತ್ತಿ, ಅಗತ್ಯವಾದಷ್ಟೇ ಡ್ರೈವರ್‌ಗಳೊಂದಿಗೆ ವಿಂಡೋಸ್ ತೆರೆಯುವ ಸೇಫ್ ಮೋಡಿಗೆ ಹೋಗಿ. ಡಿಡಿಯುವಿನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಎಂಬುದನ್ನೂ ನಿಮ್ಮ ಹಳೆಯ ಕಂಪನಿಯ ಹೆಸರನ್ನೂ ಆರಿಸಿ, ಕ್ಲೀನ್ ಆ್ಯಂಡ್ ರೀಸ್ಟಾರ್ಟ್ ಒತ್ತಿದರೆ ಸಾಕು. ಮರಳಿ ಬಂದಾಗ ಅಕ್ಷರಗಳು ದೊಡ್ಡದಾಗಿ, ಪರದೆ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ. ಡಿವೈಸ್ ಮ್ಯಾನೇಜರಿನಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಹೊಸ ಡ್ರೈವರ್ ಹಾಕಲು ಜಾಗ ಸಿದ್ಧವಾಗಿದೆ ಎಂದರ್ಥ. ಅದನ್ನು ಹಾಕಿದ ಮೇಲೆಯೇ ಇಂಟರ್ನೆಟ್ ಜೋಡಿಸಿ.

ಉತ್ತರ: ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ರಕ್ಷಣೆ ಹಾಕಿದ್ದರೆ ಸೇಫ್ ಮೋಡಿಗೆ ಹೋಗುವಾಗ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುವ ಸಾಧ್ಯತೆಯಿದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದ್ದರೆ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ದಿನವೂ ನಾಲ್ಕಂಕಿಯ ಪಿನ್ ಹಾಕಿ ಒಳಹೋಗುವವರು ಖಾತೆಯ ಪಾಸ್‌ವರ್ಡನ್ನೂ ನೆನಪು ಮಾಡಿಕೊಂಡಿರಬೇಕು, ಏಕೆಂದರೆ ಸೇಫ್ ಮೋಡಿನಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಲಾಗಿನ್ ಪರದೆಯ ಮುಂದೆ ಒಂದು ಸಂಜೆಯೆಲ್ಲ ಕುಳಿತಿದ್ದು ಇದರಿಂದಲೇ.

ಉತ್ತರ: ಹೊರಗಿನ ಉಪಕರಣ ಬೇಡವೆನ್ನುವವರಿಗೆ ವಿಂಡೋಸ್‌ನಲ್ಲೇ ಡ್ರೈವರ್‌ಗಳನ್ನು ಪಟ್ಟಿಮಾಡಿ ಅಳಿಸುವ ಪಿಎನ್‌ಪಿಯುಟಿಲ್ ಎಂಬ ಕಮಾಂಡ್ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡ್ರೈವರ್‌ಗಳ ಪಟ್ಟಿ ತೆಗೆದರೆ ಪ್ರತಿಯೊಂದಕ್ಕೂ ಓಇಎಂ ಎಂದು ಶುರುವಾಗಿ ಒಂದು ಸಂಖ್ಯೆಯಿರುವ ಹೆಸರು ಕಾಣುತ್ತದೆ. ಕೆಳಗಿನ ಸಾಲುಗಳಲ್ಲಿ ತಯಾರಕರ ಹೆಸರು ಮತ್ತು ಡಿಸ್‌ಪ್ಲೇ ಎಂಬ ವರ್ಗ ಎರಡನ್ನೂ ಓದಿ ಖಚಿತಪಡಿಸಿಕೊಂಡೇ ಅಳಿಸಬೇಕು. ಪ್ರಿಂಟರ್, ವೈಫೈ ಡ್ರೈವರ್‌ಗಳೂ ಅದೇ ಬಗೆಯ ಹೆಸರಿನಲ್ಲಿರುತ್ತವೆ. ಡ್ರೈವರ್‌ಸ್ಟೋರ್ ಫೋಲ್ಡರಿಗೆ ನೇರವಾಗಿ ಹೋಗಿ ಕೈಯಿಂದ ಅಳಿಸುವುದು ಮಾತ್ರ ಖಂಡಿತ ಬೇಡ. ಸಿ ಡ್ರೈವಿನ ಮೊದಲ ಹಂತದಲ್ಲಿ ಹಳೆಯ ಕಂಪನಿಯ ಹೆಸರಿನ ಫೋಲ್ಡರ್ ಇದ್ದರೆ ಅದು ಬಿಚ್ಚಿಟ್ಟ ಇನ್‌ಸ್ಟಾಲರ್ ಅಷ್ಟೇ, ಅದನ್ನು ಅಳಿಸಬಹುದು.

ಇಷ್ಟಾದ ಮೇಲೂ ಪರದೆ ಕಪ್ಪಾದರೆ ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ವಿಭಾಗದಲ್ಲಿ ಆ ಹೊತ್ತಿನ 4101 ಸಂಖ್ಯೆಯ ನಮೂದನ್ನು ಹುಡುಕಿ. ಡ್ರೈವರ್ ಉತ್ತರಿಸದೆ ನಿಂತು ಮತ್ತೆ ಎದ್ದಿದೆ ಎಂದು ಅದು ತಿಳಿಸುತ್ತದೆ. ಹಾಗಿದ್ದರೆ ಡ್ರೈವರಿನ ಬೇರೊಂದು ಆವೃತ್ತಿಯನ್ನು ಹಾಕಿ ನೋಡಿ, ಕಾರ್ಡಿಗೆ ಹೋಗುವ ಪವರ್ ಕನೆಕ್ಟರ್ ಪೂರ್ತಿ ಕೂತಿದೆಯೇ ಎಂದೂ ಪರೀಕ್ಷಿಸಿ. ಅಂಥ ನಮೂದೇ ಇಲ್ಲದಿದ್ದರೆ ಮೊದಲು ಮಾನಿಟರಿನ ಕೇಬಲ್ ಬದಲಿಸಿ.