ಅಪ್‌ಡೇಟ್: 24 ಅಡಿಯ ಹಾಯಿದೋಣಿಗೆ ಆರಿಸಿದ ಡಿಂಗಿ

ಇಂಗ್ಲೆಂಡಿನ ಸೊಲೆಂಟ್ ಜಲಸಂಧಿಯಲ್ಲಿ ಓಡಾಡುವ ನಮ್ಮ 24 ಅಡಿಯ ಹಾಯಿದೋಣಿಯಲ್ಲಿ, ಲಂಗರು ಹಾಕಿದ ಮೇಲೆ ದಡ ಸೇರಲು ಬೇಕಾಗುವ ಡಿಂಗಿಯನ್ನು, ಅಂದರೆ ಪುಟ್ಟ ದೋಣಿಯನ್ನು, ಎಲ್ಲಿಡುವುದೆಂದು ಕೇಳಿದ್ದೆ. ಒಂದರೊಳಗೊಂದು ಕೂರುವ ಎರಡು ತುಂಡಿನ ಪ್ಲೈವುಡ್ ದೋಣಿ, ಮಡಚುವ ಪ್ಲಾಸ್ಟಿಕ್ ದೋಣಿ ಮತ್ತು ಗಾಳಿ ತುಂಬುವ ದೋಣಿಗಳ ಸಲಹೆ ಬಂದಿತ್ತು.

ಹುಟ್ಟು ಹಾಕಲು ಪ್ಲೈವುಡ್ಡಿನದೇ ಮೇಲು. ಆದರೆ ಅದನ್ನು ಮುಂಭಾಗದ ಡೆಕ್ಕಿನ ಮೇಲೆ ಕಟ್ಟಿದರೆ ಅಲ್ಲಿನ ಹ್ಯಾಚ್ (ಡೆಕ್ಕಿನ ಮುಚ್ಚಳ-ಬಾಗಿಲು) ತೆರೆಯುವುದಿಲ್ಲ, ಲಂಗರು ಎತ್ತುವಾಗ ಕಾಲೂರಲೂ ಜಾಗವಿರುವುದಿಲ್ಲ. ಮಡಚುವ ದೋಣಿಯೋ ಮಡಚಿದ ಮೇಲೂ ಉದ್ದನೆಯ ಹಲಗೆಯಂತೆಯೇ ಉಳಿಯುತ್ತದೆ. ಹೀಗಾಗಿ ಅಡ್ಡಪಟ್ಟಿಗಳ ನೆಲವಿರುವ, 2.3 ಮೀಟರ್ ಉದ್ದದ, ಗಾಳಿ ತುಂಬುವ ಪಿವಿಸಿ ಡಿಂಗಿಯನ್ನು ಕೊಂಡೆವು. ಪಟ್ಟಿಗಳನ್ನು ಬಿಚ್ಚದೆ ಚಾಪೆಯಂತೆ ಸುತ್ತಿದರೆ ಕಾಕ್‌ಪಿಟ್ (ಹಾಯಿದೋಣಿ ನಡೆಸುವವರು ಕೂರುವ ಜಾಗ) ಲಾಕರಿನಲ್ಲಿ ಕೂರುತ್ತದೆ. ಬಿಸಿಲನ್ನು ತಾಳುವುದರಲ್ಲಿ ಪಿವಿಸಿಗಿಂತ ಹೈಪಲಾನ್ ಎಂಬ ಕೃತಕ ರಬ್ಬರ್ ಉತ್ತಮವೆಂಬುದು ನಿಜವಾದರೂ, ಸದಾ ಲಾಕರಿನಲ್ಲೇ ಇರುವ ಡಿಂಗಿಗೆ ಆ ಹೆಚ್ಚಿನ ಬೆಲೆ ಅನಗತ್ಯವೆನಿಸಿತು.

ಡಿಂಗಿಯಲ್ಲಿ ಎದ್ದು ನಿಂತರೆ ನೆಲ ಕಾಲಡಿಯಲ್ಲಿ ಬಳುಕುತ್ತದೆ; ಬಿಸಿಲಿನಲ್ಲಿ ಬಿಗಿಯಾಗಿದ್ದ ಗಾಳಿ ಕೊಳವೆಗಳು ತಣ್ಣನೆಯ ನೀರಿಗಿಳಿದೊಡನೆ ಸಡಿಲವಾಗುವುದರಿಂದ ಪಂಪನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಮೋಟಾರನ್ನು ಸದ್ಯಕ್ಕೆ ಕೊಂಡಿಲ್ಲ. ಇಲ್ಲಿನ ಭರತ-ಇಳಿತದ ಸೆಳೆತ ಬಲವಾದದ್ದರಿಂದ, ನೀರಿನ ಹರಿವು ನಿಧಾನವಾಗುವ ಹೊತ್ತು ನೋಡಿಯೇ ಹುಟ್ಟು ಹಾಕುತ್ತೇವೆ.