ಚಳಿಯಲ್ಲಿ ಲಾರಿ ಎಂಜಿನ್ ಎಷ್ಟು ಹೊತ್ತು ಬಿಸಿ ಮಾಡಬೇಕು? ಮೇಸ್ತ್ರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಲಾರಿ ಚಾಲಕ, ತಿಪಟೂರು): ನಮಸ್ಕಾರ ಮೇಸ್ತ್ರಿ. ನಾನು ತಿಪಟೂರಿಂದ ಡೆಲ್ಲಿಗೆ ಕೊಬ್ಬರಿ ಲೋಡ್ ಹೊಡೆಯೋನು. ಹೋದ ಜನವರಿಯಲ್ಲಿ ಡೆಲ್ಲಿಯಿಂದ ಶ್ರೀನಗರಕ್ಕೆ ಲೋಡ್ ಸಿಕ್ತು, ಒಪ್ಕೊಂಡೆ. ಖಾಜಿಗುಂಡ್ ಹತ್ರ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಐದಾರು ಸಲಕ್ಕೆ ಹಿಡೀತು, ಅದೂ ಬಿಳಿ ಹೊಗೆ ಕಾರ್ಕೊಂಡು. ಪಕ್ಕದ ಪಂಜಾಬಿ ಡ್ರೈವರ್ ಅರ್ಧ ಗಂಟೆ ಹಾಗೇ ಬಿಡು ಅಂದ. ಬಿಟ್ಟೆ. ಟೆಂಪರೇಚರ್ ಮುಳ್ಳು ಅಲ್ಲಾಡಲೇ ಇಲ್ಲ. ಓನರ್‌ಗೆ ಹೇಳಿದ್ರೆ ಡೀಸೆಲ್ ಯಾರಪ್ಪ ಕೊಡ್ತಾನೆ ಅಂತ ಬೈದ್ರು. 12 ಚಕ್ರದ ಬಿಎಸ್-4 ಗಾಡಿ. ಎಷ್ಟು ಹೊತ್ತು ಬಿಸಿ ಮಾಡೋದು ಸರಿ? ಈ ಸಲವೂ ಹೋಗ್ಬೇಕು.

ಮೇಸ್ತ್ರಿ: ನಮ್ಮೂರ ಚಳಿಗೆ ಎರಡು ಮೂರು ನಿಮಿಷ, ಖಾಜಿಗುಂಡ್ ಚಳಿಗೆ ಐದರಿಂದ ಹತ್ತು ನಿಮಿಷ. ಅದಕ್ಕಿಂತ ಜಾಸ್ತಿ ನಿಲ್ಲಿಸಿ ಉರಿಸಿದರೆ ಎಂಜಿನ್‌ಗೆ ಲಾಭವಿಲ್ಲ ತಮ್ಮಾ, ನಷ್ಟವೇ. ಡೀಸೆಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಗಾಳಿಯನ್ನು ಪೂರ್ತಿ ಎಳೆದುಕೊಳ್ಳುತ್ತೆ, ಡೀಸೆಲ್ ಮಾತ್ರ ಹನಿಯಷ್ಟು. ಅಷ್ಟು ತಣ್ಣನೆ ಗಾಳಿಗೆ ಇಷ್ಟೇ ಬೆಂಕಿ ಅಂದ್ರೆ ಸಿಲಿಂಡರ್ ಎಲ್ಲಿ ಕಾಯುತ್ತೆ? ಸುಡದೆ ಉಳಿದ ಡೀಸೆಲ್ ಲೈನರ್, ಅಂದ್ರೆ ಸಿಲಿಂಡರಿನ ಒಳಗೋಡೆ ಮೇಲಿನ ಆಯಿಲ್ ತೊಳೆದು ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತೆ. ನೀನು ನೋಡಿದ ಬಿಳಿ ಹೊಗೆಯೂ ಅದೇ, ಸುಡದ ಡೀಸೆಲ್ಲಿನ ಆವಿ. ಓನರ್ ಬೈದಿದ್ದರಲ್ಲೂ ತಪ್ಪಿಲ್ಲ. ದೊಡ್ಡ ಎಂಜಿನ್ ನಿಂತಲ್ಲೇ ಗಂಟೆಗೆ ಎರಡು ಮೂರು ಲೀಟರ್ ಕುಡಿಯುತ್ತೆ.

ಸ್ಟಾರ್ಟ್ ಮಾಡುವಾಗ ಕ್ಲಚ್ ಪೂರ್ತಿ ತುಳಿ. ಗೇರ್ ಬಾಕ್ಸಿನ ಆಯಿಲ್ ಚಳಿಗೆ ಬೆಲ್ಲದ ಪಾಕದ ಹಾಗೆ ಆಗಿರುತ್ತೆ, ಅದನ್ನೂ ಸೇರಿಸಿ ತಿರುಗಿಸೋ ಕಷ್ಟ ಸೆಲ್ಫ್ ಮೋಟರಿಗೆ ಬೇಡ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡ, ಮಧ್ಯೆ ಒಂದು ನಿಮಿಷ ಬಿಡು. ಸೊನ್ನೆ ಡಿಗ್ರಿಗೆ ಬಂದ ಬ್ಯಾಟರಿಯ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹೋಗಿರುತ್ತೆ.

ಹಿಡಿದ ಮೇಲೆ ರೇಸ್ ಕೊಡಬೇಡ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಇದೆಯಲ್ಲ, ಅದರ ಶಾಫ್ಟ್ ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತುವ ವಸ್ತು, ಅದು ನಿಂತಿರೋದು ಕೂದಲೆಳೆಯಷ್ಟು ಆಯಿಲ್ ಪದರದ ಮೇಲೆ. ಒಮ್ಮೆ ನನ್ನ ಬೆಂಚಿಗೆ ಬಂದ ಟರ್ಬೋ ಬಿಚ್ಚಿದಾಗ ಬುಶ್ ಮೇಲೆ ಉಗುರಿನಿಂದ ಗೀರಿದಂಥ ಗೆರೆಗಳು, ಶಾಫ್ಟ್ ನೀಲಿ ಬಣ್ಣಕ್ಕೆ ತಿರುಗಿತ್ತು. ಆ ಗಾಡಿ ಓಡಿಸುವ ಹುಡುಗ ದಿನಾ ಬೆಳಿಗ್ಗೆ ಬ್ರೇಕಿನ ಏರ್ ಬೇಗ ಹಿಡೀಲಿ ಅಂತ ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ತುಳಿಯುತ್ತಿದ್ದ. ಆಯಿಲ್ ಇನ್ನೂ ಮೇಲಕ್ಕೆ ಹತ್ತಿರಲಿಲ್ಲ.

ಆಯಿಲ್ ಲೈಟ್ ಆರಲಿ, ಏರ್ ಪ್ರೆಶರ್ ಏಳು ಕೆಜಿ ಹತ್ತಿರ ಬರಲಿ, ಬಜರ್ ನಿಲ್ಲಲಿ. ಅಷ್ಟರಲ್ಲಿ ನಿನ್ನ ಐದು ನಿಮಿಷ ಆಗಿರುತ್ತೆ. ಆಮೇಲೆ ಹೊರಡು. ಮೊದಲ ಎಂಟು ಹತ್ತು ಕಿಲೋಮೀಟರ್ ಕಡಿಮೆ ಆರ್‌ಪಿಎಮ್‌ನಲ್ಲಿ, ಎಂಜಿನ್ ಎಳೆದಾಡಿಸದೆ ಓಡಿಸು. ಎಂಜಿನ್ ಜೊತೆಗೆ ಗೇರ್ ಬಾಕ್ಸ್, ಹಿಂದಿನ ಆಕ್ಸಲ್ಲಿನ ಹೌಸಿಂಗ್, ಟೈರ್ ಎಲ್ಲವೂ ಓಡುತ್ತಲೇ ಬಿಸಿಯಾಗುತ್ತವೆ. ನಿಲ್ಲಿಸಿ ಉರಿಸಿದರೆ ಹೌಸಿಂಗ್ ಆಯಿಲ್‌ಗೆ ಏನೂ ತಿಳಿಯೋದೇ ಇಲ್ಲ.

ಆದರೆ ಅರ್ಧ ಗಂಟೆಗೂ ಮುಳ್ಳು ಅಲ್ಲಾಡಲಿಲ್ಲ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಗಾಡಿಯಲ್ಲಿ ಥರ್ಮೋಸ್ಟಾಟ್ ಇದೆಯಾ?

ತಿಪಟೂರಿನ ಚಾಲಕ: ಇಲ್ಲ ಮೇಸ್ತ್ರಿ. ಎರಡು ವರ್ಷದ ಹಿಂದೆ ಘಾಟಿಯಲ್ಲಿ ಹೀಟ್ ಆಯ್ತು ಅಂತ ಒಂದು ಗ್ಯಾರೇಜಲ್ಲಿ ಕಿತ್ತು ಹಾಕಿದ್ರು. ನಮ್ಮ ಕಡೆ ಅದು ಬೇಕಾಗಿಲ್ಲ ಅಂದ್ರು.

ಮೇಸ್ತ್ರಿ: ಹೀಗೆ ಕಿತ್ತು ಹಾಕಿದ ಗಾಡಿಗಳು ನನ್ನ ಹತ್ತಿರ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಥರ್ಮೋಸ್ಟಾಟ್ ಅಂದರೆ ನಾಲೆಯ ತೂಬು ಇದ್ದ ಹಾಗೆ. ನೀರು ಸುಮಾರು ಎಂಬತ್ತು ಡಿಗ್ರಿ ಕಾಯುವ ತನಕ ರೇಡಿಯೇಟರಿಗೆ ಬಿಡೋದಿಲ್ಲ, ಎಂಜಿನ್ ಒಳಗೇ ಸುತ್ತಿಸುತ್ತೆ. ಅದು ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರೆಲ್ಲ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತೆ. ಕಾಶ್ಮೀರದಲ್ಲಿ ದಿನವಿಡೀ ಓಡಿಸಿದರೂ ಎಂಜಿನ್ ಕಾಯೋದಿಲ್ಲ. ಹೀಟ್ ಆಗಿದ್ದರೆ ರೇಡಿಯೇಟರ್ ಕಟ್ಟಿತ್ತೋ, ಫ್ಯಾನ್ ಬೆಲ್ಟ್ ಸಡಿಲವಿತ್ತೋ ನೋಡಬೇಕಿತ್ತು. ಹೊರಡುವ ಮೊದಲು ಹೊಸದು ಹಾಕಿಸು.

ರೇಡಿಯೇಟರಲ್ಲಿ ಬೋರ್ ನೀರು ಇದ್ದರೆ ಇವತ್ತೇ ಬಸಿ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತೆ, ಬ್ಲಾಕ್ ಸೀಳಿಹೋಗುತ್ತೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿದರೆ ಮೈನಸ್ 35ರ ತನಕ ಭಯವಿಲ್ಲ.

ಪ್ರಶ್ನೆ (ಪಿಕಪ್ ಮಾಲೀಕ, ಮೂಡಿಗೆರೆ): ನಮ್ಮಲ್ಲಿ ಡಿಸೆಂಬರಲ್ಲಿ ಬೆಳಿಗ್ಗೆ 12 ಡಿಗ್ರಿ ಇರುತ್ತೆ ಸಾರ್. ಕಾಫಿ ತೋಟದ ಆಳುಗಳನ್ನು ಕರ್ಕೊಂಡು ಬರೋಕೆ ಆರು ಗಂಟೆಗೆ ಹೊರಡ್ತೀನಿ. ಬಿಸಿ ಮಾಡಬೇಕಾ?

ಮೇಸ್ತ್ರಿ: ಒಂದು ನಿಮಿಷ ಸಾಕು ಸಾರ್. ಗಾಜಿನ ಮಂಜು ಒರೆಸುವಷ್ಟು ಹೊತ್ತು. ಇಗ್ನಿಷನ್ ಆನ್ ಮಾಡಿದಾಗ ಸುರುಳಿ ಗುರುತಿನ ಗ್ಲೋ ಲೈಟ್ ಬಂದರೆ ಅದು ಆರಿದ ಮೇಲೆ ಸೆಲ್ಫ್ ಹೊಡೆಯಿರಿ.

ಪ್ರಶ್ನೆ (ಲಾರಿ ಚಾಲಕ, ಸಿಂಧನೂರು): ಅಣ್ಣಾ, ಲಡಾಖಿನ ದ್ರಾಸ್ ಕಡೆ ಡೀಸೆಲ್ಲೇ ಗಟ್ಟಿಯಾಗುತ್ತಂತೆ? ಸೀಮೆಎಣ್ಣೆ ಬೆರೆಸ್ತಾರೆ, ಟ್ಯಾಂಕ್ ಕೆಳಗೆ ಬೆಂಕಿ ಹಾಕ್ತಾರೆ ಅಂತ ಕೇಳಿದೀನಿ.

ಮೇಸ್ತ್ರಿ: ನಿಜ. ಚಳಿಗಾಲದಲ್ಲಿ ಬಾಟಲಿಯೊಳಗಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಕಟ್ಟಿಕೊಳ್ಳುತ್ತಲ್ಲ, ಡೀಸೆಲ್ಲಿನ ಮೇಣವೂ ಹಾಗೇ. ಮೊದಲು ಮೋಡದ ಹಾಗೆ ಮಂಕಾಗುತ್ತೆ, ಆಮೇಲೆ ಫಿಲ್ಟರ್ ಕಟ್ಟುತ್ತೆ. ಎಂಜಿನ್ ಹಿಡಿದು ಎರಡು ನಿಮಿಷಕ್ಕೆ ಆಫ್ ಆಗುತ್ತೆ. ಆಗ ಎಷ್ಟು ಬಿಸಿ ಮಾಡುತ್ತೇನೆಂದರೂ ಆಗದು. ನಮ್ಮ ದೇಶದ ಮಾನಕದ ಪ್ರಕಾರ ಮಾಮೂಲಿ ಡೀಸೆಲ್ಲಿನ ಪೋರ್ ಪಾಯಿಂಟ್, ಅಂದ್ರೆ ಯಾವ ಚಳಿಯ ತನಕ ಅದು ಹರಿಯುತ್ತೋ ಆ ಡಿಗ್ರಿ, ಚಳಿಗಾಲದಲ್ಲಿ 3 ಡಿಗ್ರಿಯವರೆಗೂ, ಬೇಸಿಗೆಯಲ್ಲಿ 15ರವರೆಗೂ ಇರಬಹುದು. ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33ರ ಪೋರ್ ಪಾಯಿಂಟ್ ಇರುವ ಡೀಸೆಲ್ ತಂದಿತು, ಪಾಣಿಪತ್ ರಿಫೈನರಿಯಲ್ಲಿ ತಯಾರಾದದ್ದು. ಕೆಳಗೆ ತುಂಬಿಸಿದ್ದನ್ನು ಖಾಲಿ ಮಾಡಿಕೊಂಡು ಹೋಗಿ ಅಲ್ಲಿಯದನ್ನೇ ತುಂಬಿಸು. ರಾತ್ರಿ ಟ್ಯಾಂಕ್ ತುಂಬಿರಲಿ, ಫಿಲ್ಟರಿನ ನೀರು ಸಂಜೆಯೇ ಬಿಟ್ಟುಬಿಡು. ಏರ್ ಟ್ಯಾಂಕಿನ ನೀರನ್ನೂ.

ಸೀಮೆಎಣ್ಣೆಗೆ ಜಿಡ್ಡು ಕಡಿಮೆ, ಈಗಿನ ಗಾಡಿಗಳ ಕಾಮನ್ ರೈಲ್ ಪಂಪು, ಅಂದ್ರೆ ಜೋರು ಒತ್ತಡದ ಡೀಸೆಲ್ ಪಂಪು, ಡೀಸೆಲ್ಲಿನ ಜಿಡ್ಡಿನಲ್ಲೇ ಬದುಕೋದು. ಬೇಡ. ಟ್ಯಾಂಕ್ ಕೆಳಗೆ ಬೆಂಕಿಯಂತೂ ಖಂಡಿತ ಬೇಡ, ಪಕ್ಕದಲ್ಲೇ ಏರ್ ಪೈಪು, ವೈರಿಂಗ್ ಇರುತ್ತೆ. ಕಟ್ಟಿದ ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಸುರಿ.

ಪ್ರಶ್ನೆ (ಗೃಹಿಣಿ, ಚಿತ್ರದುರ್ಗ): ನಮ್ಮೆಜಮಾನ್ರು ಹಿಮಾಚಲದ ಕಡೆ ಹೋಗ್ತಾರೆ. ರಾತ್ರಿ ಕ್ಯಾಬಿನ್ನಲ್ಲಿ ಕೆಂಡದ ಒಲೆ ಇಟ್ಕೊಂಡು ಮಲಗ್ತೀವಿ ಅಂತಾರೆ. ಅದಕ್ಕಿಂತ ಎಂಜಿನ್ ಆನ್ ಇಟ್ಟು ಮಲಗೋದು ವಾಸಿಯಾ ಅಣ್ಣಾ?

ಮೇಸ್ತ್ರಿ: ತಂಗಿ, ಕೆಂಡ ಕ್ಯಾಬಿನ್ ಒಳಗೆ ಬರಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ನಿದ್ದೆಯಲ್ಲೇ ಹೋಗಿಬಿಡುತ್ತಾರೆ. ಇವತ್ತು ಫೋನ್ ಮಾಡಿದಾಗಲೇ ಹೇಳಿ. ಎಂಜಿನ್ ಆನ್ ಇಟ್ಟು ಮಲಗೋದೂ ಬೇಡ, ಸೈಲೆನ್ಸರ್ ಎಲ್ಲಾದರೂ ಸೋರುತ್ತಿದ್ದರೆ ಅಥವಾ ಪೈಪಿನ ಬಾಯಿಗೆ ಹಿಮ ಮುಚ್ಚಿದರೆ ಅದೇ ಹೊಗೆ ಒಳಗೆ ಬರುತ್ತೆ. ಎರಡು ಒಳ್ಳೆ ರಗ್ಗು, ಉಣ್ಣೆ ಟೋಪಿ, ಕಾಲುಚೀಲ ಕಟ್ಟಿಕೊಡಿ. ತೀರಾ ಚಳಿಯಿದ್ದರೆ ಢಾಬಾದ ಒಳಗೆ ಮಲಗಲಿ.

ತಿಪಟೂರಿನ ಚಾಲಕ: ಮೇಸ್ತ್ರಿ, ಥರ್ಮೋಸ್ಟಾಟ್ ಹಾಕಿಸ್ದೆ, ಕೂಲಂಟೂ ಆಯ್ತು. ಬೆಳಿಗ್ಗೆ ಕಿಬ್ಬನಹಳ್ಳಿ ಕ್ರಾಸ್ ಮುಟ್ಟೋ ಹೊತ್ತಿಗೆ ಮುಳ್ಳು ಅರ್ಧಕ್ಕೆ ಬಂದು ನಿಂತಿತ್ತು. ಸೋಮವಾರ ಹೊರಡ್ತಿದೀನಿ.

ಮೇಸ್ತ್ರಿ: ಸಂತೋಷ ತಮ್ಮಾ. ಎರಡು ಬ್ಯಾಟರಿಗೂ ಲೋಡ್ ಟೆಸ್ಟ್ ಮಾಡಿಸು. ಆಯಿಲ್ ಡಬ್ಬದ ಮೇಲೆ 20ಡಬ್ಲ್ಯು ಅಂತಿದ್ದರೆ ಅದು ಚಳಿಗೆ ಮಂದ, ಬದಲಿಸಿ ಕಂಪನಿ ಹೇಳಿದ 15ಡಬ್ಲ್ಯು-40 ಹಾಕಿಸು. ಮತ್ತೆ ಅಲ್ಲಿ ಮಳೆ, ಹಿಮದಲ್ಲಿ ನೆಂದ ಡ್ರಮ್ಮಿಗೆ ರಾತ್ರಿ ಹ್ಯಾಂಡ್‌ಬ್ರೇಕ್ ಹಿಡಿಸಿದರೆ ಬ್ರೇಕ್ ಲೈನರ್ ಅಲ್ಲೇ ಅಂಟಿ ಹೆಪ್ಪುಗಟ್ಟುತ್ತೆ. ಸಮತಟ್ಟಾದ ಜಾಗ ನೋಡಿ ನಿಲ್ಲಿಸು. ನಿಲ್ಲಿಸುವ ಮೊದಲು ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡ್ರಮ್ ಒಣಗಿಸಿಕೋ, ಗೇರಲ್ಲಿ ಬಿಟ್ಟು ಗಾಲಿಗೆ ಮರದ ಗುಟ್ಟ ಕೊಡು. ಎರಡು ಗುಟ್ಟ ಇಲ್ಲಿಂದಲೇ ತಗೊಂಡು ಹೋಗು.